ಮಕ್ಕಳ ಕಾಲೇಜು ಓದಿಗೆ ಎಂಟನೆಯ ತರಗತಿಯಿಂದಲೇ ಸಿದ್ಧತೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾವು ಊರು ಬಿಟ್ಟು ಮುಂಬಯಿಗೆ ಬಂದವರು. ಕೆಲವರು ಹೋಟೆಲಿನಲ್ಲಿ, ಕೆಲವರು ಗೋದಾಮಿನಲ್ಲಿ, ಕೆಲವರು ಕಚೇರಿಯ ಮೇಜಿನ ಮುಂದೆ ದುಡಿಯುತ್ತೇವೆ. ನಮ್ಮಲ್ಲಿ ಯಾರನ್ನು ಕೇಳಿದರೂ "ನಾನು ಪಟ್ಟ ಕಷ್ಟ ನನ್ನ ಮಕ್ಕಳಿಗೆ ಬೇಡ" ಎನ್ನುತ್ತಾರೆ. ಎಂದರೆ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಬೇಕು ಎಂದೇ ಅರ್ಥ. ಆಸೆ ಎಲ್ಲರಿಗೂ ಉಂಟು. ಆದರೆ ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ಓಡಾಟಕ್ಕೆ ತೊಡಗುವವರೇ ಹೆಚ್ಚು. ಅದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಬಾವಿಯನ್ನು ಯಾವಾಗ ತೋಡಬೇಕು, ಎಲ್ಲಿ ತೋಡಬೇಕು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಬಡತನದಲ್ಲಿ ಓದಿ ಮೇಲೆ ಬಂದವರ ಕಥೆ ನಮಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಆದರು. ಅನಂತರ ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಓದಿದರು. ಈ ಕಥೆಯಲ್ಲಿ ಅವರ ಶ್ರಮವನ್ನು ಎಲ್ಲರೂ ಕೊಂಡಾಡುತ್ತಾರೆ, ಅದು ನ್ಯಾಯವೇ. ಆದರೆ ಆ ವಿದ್ಯಾರ್ಥಿವೇತನವನ್ನು ಮರೆಯಬಾರದು. ಅದಿಲ್ಲದಿದ್ದರೆ ಪುಣೆಗೆ ಹೋಗುವುದು ಸುಲಭವಾಗುತ್ತಿರಲಿಲ್ಲ. ಶ್ರಮ ಮಗುವಿನದು, ನೆರವನ್ನು ಹುಡುಕಿ ಕೊಡುವ ಹೊಣೆ ಹಿರಿಯರದು.

ಹೊರನಾಡಿನ ನಮಗೆ ಮೊದಲನೆಯ ತೊಡಕು ಹಣವಲ್ಲ, ಕಾಗದಪತ್ರ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮಲ್ಲಿ ಒಂದು ರೂಢಿ ಉಂಟು. ಖೋಲಿ ಚಿಕ್ಕದು, ಬಾಡಿಗೆ ದೊಡ್ಡದು ಎಂದು ಮಗುವನ್ನು ಕೆಲವು ವರ್ಷ ಊರಿನಲ್ಲಿ ಅಜ್ಜಿಯ ಹತ್ತಿರ ಬಿಡುತ್ತೇವೆ. ಮತ್ತೆ ಇಲ್ಲಿಗೆ ಕರೆತರುತ್ತೇವೆ. ಹತ್ತನೆಯ ತರಗತಿಗೆ ಇಲ್ಲಿನ ಖರ್ಚು ತಾಳದೆ ಪುನಃ ಊರಿಗೆ ಕಳುಹಿಸುತ್ತೇವೆ. ಮಗು ಪಾಸಾಗುತ್ತದೆ, ಆದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ ಆಗಿರುತ್ತದೆ. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸರಕಾರಿ ಪಾಲಿನ ಸೀಟು ಸಿಗಬೇಕಾದರೆ, ಮುಖ್ಯ ನಿಯಮದಂತೆ ಒಂದನೆಯ ತರಗತಿಯಿಂದ ಎರಡನೆಯ ಪಿ.ಯು.ಸಿ.ವರೆಗಿನ ಅವಧಿಯಲ್ಲಿ ಕಡಿಮೆಯೆಂದರೆ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಮಹಾರಾಷ್ಟ್ರದಲ್ಲಿ ವೃತ್ತಿಶಿಕ್ಷಣದ ರಾಜ್ಯದ ಪಾಲಿನ ಸೀಟಿಗೆ, ಸಾಮಾನ್ಯವಾಗಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಎರಡನ್ನೂ ಇಲ್ಲಿಯೇ ಪಾಸು ಮಾಡಿರಬೇಕು. ಅದರ ಮೇಲೆ ಇಲ್ಲಿನ ನಿವಾಸಿ ಎಂಬ ದೃಢಪತ್ರವನ್ನೋ ಇಲ್ಲಿ ಹುಟ್ಟಿದ ದಾಖಲೆಯನ್ನೋ ಕೇಳುತ್ತಾರೆ. ನಿವಾಸಿ ದೃಢಪತ್ರಕ್ಕೆ ಸಾಮಾನ್ಯವಾಗಿ 15 ವರ್ಷ ಇಲ್ಲಿ ನೆಲೆಸಿದ ಆಧಾರ ಬೇಕು. ಅಲ್ಲಿ ಐದು ವರ್ಷ, ಇಲ್ಲಿ ಐದು ವರ್ಷ, ಹತ್ತನೆಯದು ಅಲ್ಲಿ, ಹನ್ನೆರಡನೆಯದು ಇಲ್ಲಿ ಎಂದು ಓದಿದ ಮಗು ಎಷ್ಟು ಜಾಣನಾದರೂ ಎರಡೂ ಕಡೆ ಹೊರಗಿನವನೆನಿಸಿಕೊಳ್ಳುವ ಭಯ ಉಂಟು. ವಿನಾಯಿತಿಯ ಉಪನಿಯಮಗಳೂ ಇವೆ. ಅವನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ಓದಿ ತಿಳಿಯಬೇಕು. ಆದರೆ ವಿನಾಯಿತಿಯನ್ನು ನಂಬಿ ಕೂಡಬಾರದು. ಆದುದರಿಂದ ಮಗು ಏಳನೆಯ ಅಥವಾ ಎಂಟನೆಯ ತರಗತಿಯಲ್ಲಿರುವಾಗಲೇ ಗಂಡಹೆಂಡಿರು ಕುಳಿತು, ಮಗುವಿನ ಓದು ಯಾವ ರಾಜ್ಯದಲ್ಲಿ ಮುಗಿಯಬೇಕು ಎಂದು ನಿಶ್ಚಯಿಸಿರಿ. ಬೆರಳು ಮಡಿಸಿ ವರ್ಷಗಳನ್ನು ಎಣಿಸಿರಿ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಎರಡನೆಯದು ಹೆಸರಿನ ತೊಡಕು. ಊರಿನ ಶಾಲೆಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಒಂದೆರಡು ಇನಿಷಿಯಲ್ ಹಾಕುವುದು ರೂಢಿ. ಇಲ್ಲಿ ಅಡ್ಡಹೆಸರು, ತನ್ನ ಹೆಸರು, ತಂದೆಯ ಹೆಸರು ಎಂದು ಮೂರು ಭಾಗ ಬರೆಯುತ್ತಾರೆ. ಹೀಗಾಗಿ ಒಂದೇ ಮಗುವಿಗೆ ಜನನಪತ್ರದಲ್ಲಿ ಒಂದು ಹೆಸರು, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು, ಆಧಾರ್ ಚೀಟಿಯಲ್ಲಿ ಮತ್ತೊಂದು. ವಿದ್ಯಾರ್ಥಿವೇತನದ ಅರ್ಜಿಯನ್ನು ಈಗ ಕಂಪ್ಯೂಟರಿನಲ್ಲಿ ತುಂಬಬೇಕು. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಹೆಸರು ಕೂಡದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮುಂಚೆ ಎಲ್ಲ ಕಾಗದಗಳಲ್ಲಿ ಹೆಸರು ಮತ್ತು ಜನ್ಮದಿನ ಒಂದೇ ಆಗಿರುವಂತೆ ನೋಡಿಕೊಳ್ಳಿರಿ. ಆ ಪ್ರಮಾಣಪತ್ರ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ತೊಂದರೆ.

ಮೂರನೆಯದು ಜಾತಿಯ ದೃಢಪತ್ರ. ಊರಿನಿಂದ ತಂದ ಪತ್ರ ಇಲ್ಲಿಯೂ ನಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮಹಾರಾಷ್ಟ್ರದಲ್ಲಿ ರಾಜ್ಯದ ಮೀಸಲಾತಿಗೆ ಸಂಬಂಧಿಸಿದ ಪತ್ರ ಪಡೆಯಬೇಕಾದರೆ, ಪರಿಶಿಷ್ಟ ಜಾತಿ ಪಂಗಡಗಳವರು 1950ಕ್ಕೆ ಮುಂಚಿನಿಂದ, ಹಿಂದುಳಿದ ವರ್ಗದವರು 1967ಕ್ಕೆ ಮುಂಚಿನಿಂದ ತಮ್ಮ ಕುಟುಂಬ ಇಲ್ಲಿ ನೆಲೆಸಿದ್ದಕ್ಕೆ ಆಧಾರ ತೋರಿಸಬೇಕು. ವೃತ್ತಿಶಿಕ್ಷಣಕ್ಕೆ ಸೇರುವಾಗ ಆ ಪತ್ರದ ಸಿಂಧುತ್ವದ ಪ್ರಮಾಣವನ್ನೂ ಕೇಳುತ್ತಾರೆ. ಅದು ಸಿಗಲು ತಿಂಗಳುಗಳೇ ಹಿಡಿಯುತ್ತವೆ. ಅಜ್ಜನ ಕಾಲದ ಗಿರಣಿಯ ಚೀಟಿ, ಶಾಲೆಯ ದಾಖಲೆ, ಬಾಡಿಗೆಯ ರಸೀದಿ ಮನೆಯಲ್ಲಿದ್ದರೆ ಹಳೆಯ ಕಾಗದವೆಂದು ರದ್ದಿಗೆ ಹಾಕಬೇಡಿರಿ. ಅಂಥ ಆಧಾರವಿಲ್ಲದ ಪರಿಶಿಷ್ಟ ಜಾತಿಯ ಬಂಧುಗಳೂ ಧೈರ್ಯಗೆಡಬೇಕಾಗಿಲ್ಲ. ಹತ್ತನೆಯ ತರಗತಿಯ ಮೇಲಿನ ಓದಿಗೆ ಕೊಡುವ ವಿದ್ಯಾರ್ಥಿವೇತನವನ್ನು, ವಿದ್ಯಾರ್ಥಿ ಯಾವ ರಾಜ್ಯಕ್ಕೆ ಸೇರಿದವನೋ ಆ ರಾಜ್ಯದ ಸರಕಾರವೇ ಕೊಡಬೇಕೆಂಬುದು ಅದರ ನಿಯಮ. ಕುಟುಂಬದ ವರಮಾನ ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಿರಬಾರದು. ಮೂಲ ನೆಲೆ ಕರ್ನಾಟಕವಾಗಿದ್ದರೆ ಕರ್ನಾಟಕದ ಬಾಗಿಲನ್ನೇ ತಟ್ಟಬೇಕು.

ಇನ್ನು ಹಣದ ವಿಷಯ.

ಎಂಟನೆಯ ತರಗತಿಯಲ್ಲಿಯೇ ಸಿಗುವ ನೆರವು ಒಂದುಂಟು. ಅದಕ್ಕೆ ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ವಿದ್ಯಾರ್ಥಿವೇತನ ಎಂದು ಹೆಸರು. ಸರಕಾರಿ, ಅನುದಾನಿತ ಮತ್ತು ನಗರಸಭೆಯ ಶಾಲೆಗಳ ಮಕ್ಕಳಿಗೆ ಮಾತ್ರ. ತಂದೆತಾಯಿಗಳ ವರಮಾನ 3.5 ಲಕ್ಷ ರೂಪಾಯಿಯ ಒಳಗಿರಬೇಕು. ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ಸಿಗುತ್ತದೆ. ಮಹಾರಾಷ್ಟ್ರದಲ್ಲಿ ಈ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬರೆಯುತ್ತಾರೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಹನ್ನೆರಡನೆಯದು ಮುಗಿದ ಮೇಲೆ ಕೇಂದ್ರ ಸರಕಾರದ ಇನ್ನೊಂದು ವೇತನವುಂಟು. ತಮ್ಮ ಪರೀಕ್ಷಾ ಮಂಡಳಿಯಲ್ಲಿ ಮೇಲಿನ ಶೇಕಡಾ 20ರೊಳಗೆ ಬಂದವರು, ಕುಟುಂಬದ ವರಮಾನ 4.5 ಲಕ್ಷದ ಒಳಗಿರುವವರು ಇದಕ್ಕೆ ಅರ್ಜಿ ಹಾಕಬಹುದು. ಪದವಿಯ ಓದಿಗೆ ವರ್ಷಕ್ಕೆ 12,000, ಮುಂದಿನ ಓದಿಗೆ 20,000 ರೂಪಾಯಿ. ಇದರಲ್ಲಿ ಅರ್ಧ ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಎರಡಕ್ಕೂ ರಾಷ್ಟ್ರೀಯ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿಯೇ ಅರ್ಜಿ. ಅಲ್ಲಿ ಫೀ ಇಲ್ಲ. ಆ ಪೋರ್ಟಲಿನ ಅರ್ಜಿಗೆ ಫೀ ಎಂದು ಯಾರಾದರೂ ಹಣ ಕೇಳಿದರೆ ಮೋಸವೆಂದೇ ತಿಳಿಯಿರಿ.

ಹೆಣ್ಣುಮಕ್ಕಳ ಮಾತು ಬಂದಿತು. ಮಹಾರಾಷ್ಟ್ರ ಸರಕಾರ 2024-25ರ ಶಾಲಾವರ್ಷದಿಂದ, ಕುಟುಂಬದ ವರಮಾನ 8 ಲಕ್ಷದ ಒಳಗಿರುವ ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ವರ್ಗಗಳ ಹುಡುಗಿಯರಿಗೆ ವೃತ್ತಿಶಿಕ್ಷಣದ ಬೋಧನಾಶುಲ್ಕವನ್ನೂ ಪರೀಕ್ಷಾಶುಲ್ಕವನ್ನೂ ಪೂರ್ತಿಯಾಗಿ ತಾನೇ ಹೊರುತ್ತದೆ. ಸರಕಾರದ ಕೇಂದ್ರೀಯ ಪ್ರವೇಶದ ಮೂಲಕವೇ ಸೇರಿರಬೇಕು. ಆಡಳಿತ ಮಂಡಳಿಯ ಕೋಟಾದಲ್ಲಿ ಹಣ ಕೊಟ್ಟು ಸೇರಿದರೆ ಈ ಸೌಲಭ್ಯವಿಲ್ಲ. "ಮಗನಿಗೆ ಖರ್ಚು ಮಾಡಿ ಆಯಿತು, ಮಗಳಿಗೆ ಎಲ್ಲಿಂದ ತರಲಿ" ಎನ್ನುವ ತಂದೆ ಮೊದಲು ಈ ನಿಯಮವನ್ನು ಓದಬೇಕು. ಇನ್ನೂ ಸಣ್ಣ ಹೆಣ್ಣುಮಕ್ಕಳಿರುವವರಿಗೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆ ಉಂಟು. ಹತ್ತು ವರ್ಷ ತುಂಬುವ ಮೊದಲೇ ಅಂಚೆಕಚೇರಿಯಲ್ಲಿ ತೆರೆಯಬೇಕು. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಸಾಕು. ಹುಡುಗಿ ಹತ್ತನೆಯ ತರಗತಿ ಪಾಸಾದ ಮೇಲೆ ಅಥವಾ ಹದಿನೆಂಟು ತುಂಬಿದ ಮೇಲೆ ಓದಿಗಾಗಿ ಅರ್ಧದಷ್ಟು ಹಣ ತೆಗೆಯಬಹುದು.

ದುಡಿಯುವವರ ಸ್ವಂತ ಹಕ್ಕೊಂದನ್ನು ಇಲ್ಲಿ ಹೇಳಲೇಬೇಕು. ಅಂಗಡಿ, ಹೋಟೆಲು, ಕಚೇರಿಗಳಲ್ಲಿ ಕೆಲಸ ಮಾಡುವವರ ಸಂಬಳದಿಂದ ಜೂನ್ ಮತ್ತು ದಶಂಬರ ತಿಂಗಳಲ್ಲಿ ಕಾರ್ಮಿಕ ಕಲ್ಯಾಣ ನಿಧಿಗೆಂದು ಸಣ್ಣ ಮೊತ್ತ ಮುರಿದುಕೊಳ್ಳುತ್ತಾರೆ. ಮಹಾರಾಷ್ಟ್ರ ಕಾರ್ಮಿಕ ಕಲ್ಯಾಣ ಮಂಡಳಿ ಈ ನಿಧಿಗೆ ವಂತಿಗೆ ಕೊಟ್ಟವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆಂದು ಕೇಳದೆ ವರ್ಷಗಟ್ಟಲೆ ಕೊಡುತ್ತ ಬಂದವರು ನಮ್ಮಲ್ಲಿ ಬಹಳ ಮಂದಿ. ಸಂಬಳದ ಚೀಟಿಯನ್ನು ಒಮ್ಮೆ ಕಣ್ಣಿಟ್ಟು ನೋಡಿರಿ. ಕಟ್ಟಡದ ಕೆಲಸದವರಾದರೆ ಅವರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದಲ್ಲಿ ಮಕ್ಕಳ ಓದಿಗೆ ಬೇರೆ ನೆರವು ಉಂಟು.

ಉಳಿತಾಯದ ಮಾತು ಹೆಚ್ಚು ಬೇಡ, ಲೆಕ್ಕ ಸಾಕು. ಮಗು ಎಂಟನೆಯ ತರಗತಿಗೆ ಹೋದಾಗ ಅಂಚೆಕಚೇರಿಯಲ್ಲಿ ಐದು ವರ್ಷದ ಆವರ್ತ ಠೇವಣಿ ಇಟ್ಟು ತಿಂಗಳಿಗೆ 500 ರೂಪಾಯಿ ಕಟ್ಟಿದರೆ, ಹನ್ನೆರಡನೆಯದು ಮುಗಿಯುವ ಹೊತ್ತಿಗೆ ಅಸಲೇ 30,000. ಬಡ್ಡಿ ಬೇರೆ. ಸಾದಾ ಪದವಿ ಕಾಲೇಜಿನ ಮೊದಲ ವರ್ಷದ ಫೀ, ಪುಸ್ತಕ, ರೈಲಿನ ಪಾಸಿಗೆ ಇದು ದೊಡ್ಡ ಆಸರೆ.

ಇಷ್ಟೆಲ್ಲ ಆದಮೇಲೆಯೂ ಸಾಲದೆ ಬಂದಾಗ ಸಾಲ. ಮೀಟರು ಬಡ್ಡಿಯವನ ಹತ್ತಿರ ಹೋಗಬೇಡಿರಿ. ಊರಿನ ಹೊಲ ಅಡವಿಡಬೇಡಿರಿ. ಬ್ಯಾಂಕುಗಳಲ್ಲಿ ವಿದ್ಯಾಸಾಲಕ್ಕೆ ನಿಯಮವೇ ಇದೆ. 4 ಲಕ್ಷದವರೆಗೆ ಸಾಮಾನ್ಯವಾಗಿ ಅಡವು ಕೇಳುವುದಿಲ್ಲ. ಓದಿನ ಕಾಲ ಮತ್ತು ಆಮೇಲೆ ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. 2024ರ ನವೆಂಬರಿನಲ್ಲಿ ಮಂಜೂರಾದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಂತೆ, ಸರಕಾರ ಗುರುತಿಸಿದ ಉತ್ತಮ ಸಂಸ್ಥೆಗಳಲ್ಲಿ ಸೀಟು ದೊರೆತವರಿಗೆ ಅಡವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ.

ಆದರೆ ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದಲ್ಲ. ನಾಲ್ಕು ವರ್ಷದ ಓದಿಗೆ ವರ್ಷಕ್ಕೆ 75,000ದಂತೆ 3 ಲಕ್ಷ ಸಾಲ ಪಡೆದಿರೆಂದು ಹಿಡಿಯೋಣ. ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳೋಣ. ಮೊದಲ ವರ್ಷ 7,500, ಎರಡನೆಯ ವರ್ಷ 15,000, ಮೂರನೆಯ ವರ್ಷ 22,500, ನಾಲ್ಕು ಮತ್ತು ಐದನೆಯ ವರ್ಷ 30,000ದಂತೆ ಒಟ್ಟು 1,05,000 ಬಡ್ಡಿ ಆಗುತ್ತದೆ. ಹುಡುಗ ಮೊದಲನೆಯ ಕಂತು ಕಟ್ಟುವ ದಿನ ಅವನ ತಲೆಯ ಮೇಲೆ 4,05,000 ಇರುತ್ತದೆ. ಮೊದಲ ವರ್ಷ ತಿಂಗಳಿಗೆ 625, ಎರಡನೆಯ ವರ್ಷ 1,250 ಎಂದು ಬಡ್ಡಿಯನ್ನಷ್ಟೆ ಆಗಿಂದಾಗ ಕಟ್ಟುತ್ತ ಹೋದರೆ ಆ ಹೊರೆ ಬೆಳೆಯುವುದಿಲ್ಲ. ವರಮಾನ 4.5 ಲಕ್ಷದ ಒಳಗಿದ್ದು ತಾಂತ್ರಿಕ ಅಥವಾ ವೃತ್ತಿಶಿಕ್ಷಣ ಓದುವವರ ಈ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆ ಉಂಟು. ಸಾಲ ಕೇಳುವ ದಿನವೇ ಅದರ ಮಾತೆತ್ತಬೇಕು. ವರಮಾನದ ಮಿತಿಗಳೂ ಮೊತ್ತಗಳೂ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಪ್ರಮಾಣವೆಂದು ತಿಳಿಯಿರಿ.

ಎಲ್ಲ ಮಕ್ಕಳೂ ಎಂಜಿನಿಯರಿಂಗೇ ಓದಬೇಕೆಂಬ ಹಟವೂ ಬೇಡ. ಹತ್ತನೆಯದು ಮುಗಿಸಿ ಮೂರು ವರ್ಷದ ಡಿಪ್ಲೊಮಾ ಮಾಡಿದವನು ಆಮೇಲೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ದುಡಿಯುತ್ತಲೇ ಓದುವವರಿಗೆ 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಉಂಟು. ಬಹಳ ಜಾಣ ಮಗುವಿದ್ದರೆ ಐ.ಐ.ಟಿ.ಯ ಫೀ ಕೇಳಿ ಹೆದರಬೇಡಿರಿ. ಅಲ್ಲಿ ಪರಿಶಿಷ್ಟ ಜಾತಿ ಪಂಗಡಗಳವರಿಗೂ, ವರಮಾನ 1 ಲಕ್ಷಕ್ಕಿಂತ ಕಡಿಮೆ ಇರುವವರಿಗೂ ಬೋಧನಾಶುಲ್ಕ ಪೂರ್ತಿ ಮಾಫಿ. 1ರಿಂದ 5 ಲಕ್ಷದವರಿಗೆ ಮೂರರಲ್ಲಿ ಎರಡು ಪಾಲು ಮಾಫಿ.

ಕೊನೆಯದಾಗಿ ಓದಿನ ಮಾತು. ಒಂದು ಖೋಲಿಯಲ್ಲಿ ಐದು ಜನ, ಮೂಲೆಯಲ್ಲಿ ದೂರದರ್ಶನ, ಹೊರಗೆ ನಳ್ಳಿಯ ಜಗಳ. ಇಂಥಲ್ಲಿ ಮಗು ಓದುವುದು ಹೇಗೆ? ಇಲ್ಲಿಯೇ ನಮ್ಮ ವಾಚನಾಲಯದ ಕೆಲಸವಿರುವುದು. ಇಲ್ಲಿ ಮೇಜಿದೆ, ದೀಪವಿದೆ, ಮೌನವಿದೆ. ಪರೀಕ್ಷೆಯ ತಿಂಗಳುಗಳಲ್ಲಿ ಬಾಗಿಲನ್ನು ರಾತ್ರಿ ಇನ್ನೆರಡು ಗಂಟೆ ತೆರೆದಿಡೋಣ. ಪಾಸಾದ ಮಕ್ಕಳು ತಮ್ಮ ಪುಸ್ತಕಗಳನ್ನು ರದ್ದಿಗೆ ಹಾಕದೆ ಇಲ್ಲಿ ತಂದಿಡಲಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಕಟ್ಟು ಒಂದಿರಲಿ. ಕಚೇರಿಯಲ್ಲಿ ಕೆಲಸ ಮಾಡುವ ಗುಮಾಸ್ತ ಬಂಧುಗಳು ಅರ್ಜಿ ತುಂಬುವುದರಲ್ಲಿ ನುರಿತವರು. ಅವರು ವಾರಕ್ಕೆ ಒಂದು ಸಂಜೆ ಇಲ್ಲಿ ಕುಳಿತು ಹೋಟೆಲಿನ, ಗೋದಾಮಿನ ಬಂಧುಗಳ ಮಕ್ಕಳ ಅರ್ಜಿ ತುಂಬಿ ಕೊಡಲಿ. ಯಾವ ಅರ್ಜಿಗೆ ಯಾವ ದಿನ ಕೊನೆ ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡೋಣ.

ಇದು ನಮ್ಮವರಿಗೆ ಹೊಸ ಕೆಲಸವಲ್ಲ. ಹಗಲು ಲೋಟ ತೊಳೆದು ರಾತ್ರಿ ಅಕ್ಷರ ಕಲಿತ ಹುಡುಗರಿಗಾಗಿ ಈ ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳನ್ನು ಕಟ್ಟಿದವರು ನಮ್ಮ ಹಿರಿಯರೇ. ಅವರ ಹತ್ತಿರವೂ ಹಣವಿರಲಿಲ್ಲ. ಸಂಜೆಯ ಹೊತ್ತಿತ್ತು, ಅದನ್ನು ಕೊಟ್ಟರು. ಮುಂದಿನ ಭಾನುವಾರ ಬರುವಾಗ ಎಂಟರಿಂದ ಹನ್ನೆರಡನೆಯ ತರಗತಿಯವರೆಗೆ ಓದುವ ಮಕ್ಕಳಿರುವವರೆಲ್ಲ ಜನನಪತ್ರ, ಶಾಲೆಯ ದಾಖಲೆ, ಆಧಾರ್ ಚೀಟಿಗಳ ನಕಲನ್ನು ಒಂದು ಲಕೋಟೆಯಲ್ಲಿ ಹಾಕಿ ತನ್ನಿರಿ. ಮೊದಲು ಹೆಸರುಗಳು ಕೂಡುತ್ತವೆಯೋ ಇಲ್ಲವೋ ನೋಡೋಣ. ಕೆಲಸ ಅಲ್ಲಿಂದ ಆರಂಭವಾಗಲಿ.