ನಿಮಗೇನು ತೋರುತ್ತದೆ?

ಇನ್ನೊಬ್ಬರ ಅಭಿಪ್ರಾಯ ಕೇಳುವುದು ಸುಲಭವೆಂದೇ ನಾವು ತಿಳಿದಿರುತ್ತೇವೆ. ಬಾಯಿಬಿಟ್ಟು ಕೇಳಿದರಾಯಿತು! ಆದರೆ ಕೇಳುವ ಧಾಟಿಯಲ್ಲೇ ಉತ್ತರವನ್ನೂ ನಾವೇ ತುಂಬಿಟ್ಟರೆ, ಎದುರಿನವರಿಗೆ ತಲೆಯಾಡಿಸುವುದಲ್ಲದೆ ಬೇರೆ ದಾರಿಯಿಲ್ಲ. ಸ್ಪ್ಯಾನಿಷ್ ಭಾಷೆಯವರು ಅಭಿಪ್ರಾಯ ಕೇಳುವ ರೀತಿಯನ್ನು ನೋಡಿದರೆ ಈ ವಿಷಯ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

'ಕೆ ಓಪಿನಾಸ್?' ಎಂದರೆ 'ನಿನ್ನ ಅಭಿಪ್ರಾಯವೇನು?' ಎಂದರ್ಥ. ಆದರೆ ದಿನಬಳಕೆಯಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು 'ಕೆ ತೆ ಪರೇಸೆ?' 'ಕೆ' ಅಂದರೆ ಏನು, 'ತೆ' ಅಂದರೆ ನಿನಗೆ, 'ಪರೇಸೆ' ಅಂದರೆ ತೋರುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲಿ ತಡವರಿಸುತ್ತಾರೆ. ಕನ್ನಡಿಗರಿಗೆ ಆ ತೊಡಕಿಲ್ಲ. ನಾವೂ 'ನಿನಗೇನು ತೋರುತ್ತದೆ?' ಎಂದು ಚತುರ್ಥಿ ವಿಭಕ್ತಿಯಲ್ಲಿಯೇ ಕೇಳುವವರು. ಒಪ್ಪಿಗೆಯಾದರೆ ಉತ್ತರ 'ಮೆ ಪರೇಸೆ ಬಿಯೆನ್', ನನಗೆ ಸರಿತೋರುತ್ತದೆ.

ಹಿರಿಯರನ್ನೋ ಅಪರಿಚಿತರನ್ನೋ ಕೇಳುವಾಗ 'ತೆ' ಸಲ್ಲದು. 'ಕೆ ಲೆ ಪರೇಸೆ?' ಎನ್ನಬೇಕು. ಇದು 'ಉಸ್ತೆದ್' ಎಂಬ ಗೌರವದ ಸಂಬೋಧನೆಗೆ ಸೇರಿದ ರೂಪ. 'ತಮ್ಮ ಕೃಪೆ' ಎಂಬರ್ಥದ ಹಳೆಯ ನುಡಿಯೊಂದು ಸವೆದು 'ಉಸ್ತೆದ್' ಆಯಿತು. ಆದ್ದರಿಂದಲೇ ಅದರ ಕ್ರಿಯಾಪದ ಪ್ರಥಮ ಪುರುಷದಲ್ಲಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಎದುರಿಗೆ ನಿಂತವರನ್ನೇ 'ಬುದ್ಧಿಯವರು ಏನು ಹೇಳುತ್ತಾರೆ?' ಎಂದು ಕೇಳುತ್ತಿದ್ದುದು ನೆನಪಿಗೆ ಬರುವುದಿಲ್ಲವೆ?

ಇನ್ನೊಂದು ಪ್ರಶ್ನೆಯಿದೆ: 'ನೊ ತೆ ಪರೇಸೆ?' 'ನಿನಗೂ ಹಾಗನ್ನಿಸುವುದಿಲ್ಲವೆ?' ಒಂದೇ ಒಂದು ಪದ ವ್ಯತ್ಯಾಸ. ಆದರೆ ಇದು ಅಭಿಪ್ರಾಯ ಕೇಳಿದಂತಲ್ಲ, ಒಪ್ಪಿಗೆ ಬೇಡಿದಂತೆ. ಸ್ನೇಹಿತರ ಹರಟೆಯಲ್ಲಿ ಇದರಿಂದ ಹಾನಿಯಿಲ್ಲ. ಒಬ್ಬರ ಬಾಳಿನ ಪ್ರಶ್ನೆ ಎದುರಿಗಿದ್ದಾಗ ಮಾತ್ರ ಹಾಗಲ್ಲ.

ಸ್ಪೇನಿನ ನಾಟಕಕಾರ ಮೊರಾತಿನ್ ಇದನ್ನೇ ವಸ್ತುವಾಗಿಟ್ಟುಕೊಂಡು ಬರೆದ ನಾಟಕ 1806ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ರಂಗಕ್ಕೆ ಬಂತು. ಅದರ ಹೆಸರನ್ನು ಕನ್ನಡದಲ್ಲಿ 'ಹುಡುಗಿಯರ ಹೂಂ' ಎನ್ನಬಹುದು. 16 ವರ್ಷದ ಫ್ರಾನ್ಸಿಸ್ಕಾಳನ್ನು 59 ವರ್ಷದ ದೊನ್ ದಿಯೇಗೊಗೆ ಕೊಡುವುದೆಂದು ತಾಯಿ ನಿಶ್ಚಯಿಸಿದ್ದಾಳೆ. ಹುಡುಗಿಯ ಮನಸ್ಸನ್ನು ಅವಳ ಬಾಯಿಂದಲೇ ಕೇಳಬೇಕೆಂದು ಆ ಮುದುಕನ ಆಸೆ. ಆದರೆ ಕೇಳಿದಾಗಲೆಲ್ಲ ತಾಯಿಯೇ ಮುಂದಾಗಿ ಉತ್ತರ ಕೊಡುತ್ತಾಳೆ. ಮಗಳೋ, ವಿಧೇಯತೆಯೊಂದನ್ನೇ ಕಲಿತು ಬೆಳೆದವಳು. ಅವಳು ಒಲಿದಿರುವುದು ತನ್ನ ಒಡಹುಟ್ಟಿದವರ ಮಗನನ್ನೇ ಎಂದು ಕೊನೆಗೆ ತಿಳಿದಾಗ, ದೊನ್ ದಿಯೇಗೊ ತಾನೇ ಹಿಂದೆ ಸರಿದು ಅವರಿಬ್ಬರನ್ನೂ ಒಂದುಗೂಡಿಸುತ್ತಾನೆ.

ಆ ಮುದುಕನ ದೊಡ್ಡತನ ಪ್ರಶ್ನೆ ಕೇಳಿದ್ದರಲ್ಲಷ್ಟೇ ಇಲ್ಲ. ತನಗೆ ಬೇಡದ ಉತ್ತರವನ್ನೂ ಸ್ವೀಕರಿಸಿದ್ದರಲ್ಲಿದೆ. ವ್ಯಾಕರಣವನ್ನು ನಾಲ್ಕು ದಿನದಲ್ಲಿ ಕಲಿಯಬಹುದು. ಕೇಳಿದ ಮೇಲೆ ಸುಮ್ಮನಿದ್ದು ಕಾಯುವುದನ್ನು ಕಲಿಯಲು ಹೆಚ್ಚು ದಿನ ಬೇಕು. ನಾಳೆ ಮನೆಯಲ್ಲಿ ಮಗನನ್ನೋ ಮಗಳನ್ನೋ 'ನಿನಗೇನನ್ನಿಸುತ್ತದೆ, ಮಗು?' ಎಂದು ಕೇಳಿ, ಒಂದು ಗಳಿಗೆ ತಡೆದು ನೋಡಬಹುದು.

ಕೆ ಲೆಸ್ ಪರೇಸೆ? ತಮಗೆಲ್ಲ ಏನು ತೋರುತ್ತದೆ?