ಗದ್ದೆಯಲ್ಲಿ ನಡೆದ ಪಾಠ

ನಮ್ಮ ಊರು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಊರು. ಬತ್ತಕ್ಕೆ ಕೀಟನಾಶಕ ಸಿಂಪಡಿಸುವುದನ್ನು ಅಲ್ಲಿಯ ಜನ ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಅಂಗಡಿಯವರು ‘ಔಷಧ’ ಎನ್ನುತ್ತಾರೆ. ಅದನ್ನು ವಿಷವೆಂದು ಕರೆದವರನ್ನು ಬಾಲ್ಯದಲ್ಲಿ ನಾನು ಕಾಣಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ನಾನೂ ಬೆನ್ನಿಗೆ ಪಂಪು ಕಟ್ಟಿಕೊಂಡು ಗದ್ದೆಗೆ ಇಳಿದವನೇ. ನೆರೆಯವರು ಹೊಡೆದರೆ ನಮ್ಮ ತಂದೆಯವರೂ ಹೊಡೆಸುತ್ತಿದ್ದರು. ಹುಳು ಇದೆಯೆ, ಇದ್ದರೆ ಎಷ್ಟಿದೆ ಎಂದು ಪೈರಿನ ಬುಡ ಬಿಡಿಸಿ ನೋಡುವ ರೂಢಿ ನಮ್ಮಲ್ಲಿರಲಿಲ್ಲ.

ನಾನೀಗ ಹೇಳಹೊರಟಿರುವುದು ದೂರದ ಇಂಡೋನೇಷ್ಯದ ಸಂಗತಿ. ಆದರೆ ಅದನ್ನು ಓದುವಾಗಲೆಲ್ಲ ನನ್ನ ಕಣ್ಣ ಮುಂದೆ ನಿಲ್ಲುವುದು ನಮ್ಮೂರ ಗದ್ದೆಯೇ. ಎರಡೂ ಕಡೆಯ ಹಗೆ ಒಂದೇ: ಕಂದು ಜಿಗಿಹುಳು. ನೀರಿನ ಮಟ್ಟಕ್ಕೆ ತುಸು ಮೇಲೆ, ತೆಂಡೆಗಳ ಸಂದಿಯಲ್ಲಿ ಕುಳಿತು ರಸ ಹೀರುವ ಈ ಕೀಟ ಅಕ್ಕಿಯ ಕಾಳಿಗಿಂತ ಚಿಕ್ಕದು. ಅದು ಹೆಚ್ಚಿದಾಗ ಹಸುರು ಗದ್ದೆಯ ನಡುವೆ ಬೆಂಕಿ ತಗುಲಿದಂತೆ ಪೈರು ಸುಟ್ಟುಹೋಗುತ್ತದೆ.

1984ರಲ್ಲಿ ಇಂಡೋನೇಷ್ಯ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಆ ಸಂಭ್ರಮ ಮುಗಿಯುವ ಮೊದಲೇ, 1985-86ರಲ್ಲಿ, ಜಾವಾದ ಗದ್ದೆಗಳಿಗೆ ಜಿಗಿಹುಳು ಮುತ್ತಿತು. ಕೀಟನಾಶಕದ ಬೆಲೆಯ ಬಹುಪಾಲನ್ನು ಸರಕಾರವೇ ಭರಿಸುತ್ತಿದ್ದ ಕಾಲವದು, ಸಿಂಪಡಣೆಗೆ ಕೊರತೆಯಿರಲಿಲ್ಲ. ಹೊಡೆದಷ್ಟೂ ಹುಳು ಹೆಚ್ಚಿತು. ಕಾರಣವೇನು? ಜಿಗಿಹುಳು ಮೊಟ್ಟೆಯಿಡುವುದು ಗರಿಯ ತಾಳಿನೊಳಗೆ. ಅಲ್ಲಿಗೆ ವಿಷ ತಾಕದು. ತಾಕುವುದು, ಆ ಹುಳುವನ್ನೇ ತಿಂದು ಬದುಕುವ ಜೇಡಕ್ಕೆ. ಕಾವಲುಗಾರನನ್ನು ಕೊಂದು ಕಳ್ಳನಿಗೆ ಬಾಗಿಲು ತೆರೆದಿಟ್ಟಂತಾಯಿತು. ಪೀಟರ್ ಕೆನ್‌ಮೋರ್ ಎಂಬ ಕೀಟಶಾಸ್ತ್ರಜ್ಞರು ಫಿಲಿಪ್ಪೀನ್ಸಿನ ಗದ್ದೆಗಳಲ್ಲಿ ಈ ಮಾತನ್ನು ಆ ಮೊದಲೇ ಶ್ರುತಪಡಿಸಿದ್ದರು.

1986ರ ನವೆಂಬರಿನಲ್ಲಿ ಇಂಡೋನೇಷ್ಯದ ಅಧ್ಯಕ್ಷರು ಬತ್ತದ ಮೇಲೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದರು. 1989ರ ಹೊತ್ತಿಗೆ ಸಹಾಯಧನವೂ ನಿಂತಿತು. ಬೊಕ್ಕಸಕ್ಕೆ ವರ್ಷಕ್ಕೆ 10 ಕೋಟಿ ಡಾಲರಿಗೂ ಮೀರಿ ಉಳಿತಾಯವಾಯಿತು. ಅಕ್ಕಿಯ ಉತ್ಪನ್ನ ಕುಸಿಯಲಿಲ್ಲ. ಸರಕಾರವೊಂದು ತಾನೇ ಹಣ ಕೊಟ್ಟು ಬೆಳೆಸಿದ ಚಟವನ್ನು ತಾನೇ ಬಿಡಿಸಲು ಹೊರಟದ್ದು ಅಪರೂಪದ ಸಂಗತಿಯೇ ಸರಿ.

ಆದರೆ ಆಜ್ಞೆ ಸೀಸೆಯನ್ನು ಕಿತ್ತುಕೊಳ್ಳಬಲ್ಲುದು, ಕಣ್ಣನ್ನು ಕೊಡಲಾರದು. ಆ ಕೆಲಸಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1989ರಲ್ಲಿ ಇಂಡೋನೇಷ್ಯ ಸರಕಾರದೊಡನೆ ಕೈಜೋಡಿಸಿ ‘ರೈತ ಕ್ಷೇತ್ರ ಪಾಠಶಾಲೆ’ಗಳನ್ನು ಆರಂಭಿಸಿತು. ಇಪ್ಪತ್ತೈದು ಮಂದಿ ರೈತರು, ವಾರಕ್ಕೊಂದು ಬೆಳಗು, ನಾಟಿಯಿಂದ ಕೊಯ್ಲಿನವರೆಗೆ. ಚಾವಣಿಯಿಲ್ಲ, ಕರಿಹಲಗೆಯಿಲ್ಲ. ಐದೈದು ಜನರ ಗುಂಪು ಗದ್ದೆಗಿಳಿದು ಪೈರಿನ ಬುಡ ಬಿಡಿಸಿ, ತೆಂಡೆ ಎಣಿಸಿ, ಹುಳುವೆಷ್ಟು ಜೇಡವೆಷ್ಟು ಎಂದು ಲೆಕ್ಕ ಹಾಕಬೇಕು. ಬದುವಿಗೆ ಬಂದು ದೊಡ್ಡ ಹಾಳೆಯ ಮೇಲೆ ನಡುವೆ ಪೈರನ್ನೂ ಒಂದೆಡೆ ಪೀಡೆಗಳನ್ನೂ ಇನ್ನೊಂದೆಡೆ ಅವುಗಳ ವೈರಿಗಳನ್ನೂ ಬರೆದು, ಈ ವಾರ ಏನು ಮಾಡಬೇಕೆಂದು ಎಲ್ಲರೆದುರು ವಾದಿಸಬೇಕು. ಬಲೆ ಕಟ್ಟಿದ ಗಿಡದೊಳಗೆ ಜಿಗಿಹುಳುಗಳನ್ನೂ ಜೇಡವನ್ನೂ ಬಿಟ್ಟು, ಯಾರು ಯಾರನ್ನು ತಿಂದರೆಂದು ನೋಡುವುದುಂಟು. ಗರಿಗಳನ್ನು ಕತ್ತರಿಯಿಂದ ಕತ್ತರಿಸಿ, ಇಳುವರಿ ತಗ್ಗಿತೇ ಎಂದು ಸುಗ್ಗಿಯಲ್ಲಿ ತೂಗುವುದುಂಟು. ಎಳೆಯ ಪೈರು ಒಂದಿಷ್ಟು ಗರಿ ಕಳೆದುಕೊಂಡರೂ ಮತ್ತೆ ಚೇತರಿಸಿಕೊಳ್ಳುತ್ತದೆಂದು ತಾವೇ ತೂಗಿ ನೋಡಿದ ರೈತರು, ಎಲೆಯಲ್ಲಿ ತೂತು ಕಂಡೊಡನೆ ಅಂಗಡಿಗೆ ಓಡುವರೇ?

ಪಾಠ ಹೇಳುವವರಿಗೂ ಒಂದು ಕಟ್ಟಳೆಯಿತ್ತು: ಅವರು ಮೊದಲು ತಾವೇ ಒಂದು ಬೆಳೆ ಬತ್ತ ಬೆಳೆಯಬೇಕು. ನಮ್ಮ ಎಷ್ಟು ಮಂದಿ ಕೃಷಿ ಪಂಡಿತರು ಈ ಪರೀಕ್ಷೆಗೆ ಕೂರುವರೋ, ನಾನು ಹೇಳಲಾರೆ.

ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಇಂಡೋನೇಷ್ಯದ ರೈತರು ಈ ಶಾಲೆಗಳಲ್ಲಿ ಕಲಿತರು. ಪದ್ಧತಿ 90ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. 2000ದಿಂದ 2004ರವರೆಗೆ ಐರೋಪ್ಯ ಒಕ್ಕೂಟದ ನೆರವಿನಿಂದ ಹತ್ತಿ ಬೆಳೆಗಾರರಿಗಾಗಿ ನಮ್ಮ ಕರ್ನಾಟಕದಲ್ಲಿಯೂ ಇಂಥ ಶಾಲೆಗಳು ನಡೆದುವು.

ಕಥೆ ಇಲ್ಲಿಗೆ ಮುಗಿದಿದ್ದರೆ ಹಿತವಾಗಿರುತ್ತಿತ್ತು. 2004ರಲ್ಲಿ ಪ್ರಕಟವಾದ ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಬೇರೆಯೇ ಮಾತು ಹೇಳಿತು. 1991ರಿಂದ 1999ರ ನಡುವಣ ಅಂಕಿಅಂಶಗಳನ್ನು ತೂಗಿ ನೋಡಿದಾಗ, ಶಾಲೆಯಲ್ಲಿ ಕಲಿತವರ ಇಳುವರಿಯಲ್ಲಾಗಲಿ ಕೀಟನಾಶಕದ ಬಳಕೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವಂತೆ. ನೆರೆಹೊರೆಗೂ ವಿದ್ಯೆ ಹರಿಯಲಿಲ್ಲವಂತೆ. ಇದಕ್ಕೆ ಪ್ರತಿಯಾಗಿ ವಾದಿಸಿದವರೂ ಇದ್ದಾರೆ. ಆದರೆ 2010-11ರಲ್ಲಿ ಜಾವಾದಲ್ಲಿ ಜಿಗಿಹುಳು ಮತ್ತೆ ವಿಪರೀತವಾಗಿ ಹೆಚ್ಚಿದುದನ್ನು ಯಾರೂ ಅಲ್ಲಗಳೆಯರು. ಅಷ್ಟರಲ್ಲಿ ರಾಷ್ಟ್ರೀಯ ಯೋಜನೆ ಮುಗಿದು ದಶಕ ಕಳೆದಿತ್ತು. ಪೇಟೆಯ ತುಂಬ ಹೊಸ ಹೊಸ ಸೀಸೆಗಳು ಬಂದಿದ್ದುವು. ಶಾಲೆ ವಾರಕ್ಕೊಮ್ಮೆ, ಒಂದೇ ಬೆಳೆಯ ಕಾಲ. ಅಂಗಡಿಯಾದರೋ ವರ್ಷವಿಡೀ ತೆರೆದಿರುತ್ತದೆ. ಹೋಲಿಕೆ ಸಮವಲ್ಲ. ಹಾಗೆಂದು ಶಾಲೆ ದಂಡವೆಂದು ನಾನು ಒಪ್ಪಲಾರೆ. ಅಕ್ಷರ ಕಲಿತವನು ಓದುವುದನ್ನು ಬಿಟ್ಟರೆ ದೋಷ ಅಕ್ಷರದ್ದೇ?

ಆ ಶಾಲೆಗಳ ಒಂದು ನಿಯಮ ನನಗೆ ಬಹಳ ಮೆಚ್ಚುಗೆಯಾದುದು. ರೈತರು ಹುಳುವೊಂದನ್ನು ಹಿಡಿದು ತಂದು ‘ಇದೇನು?’ ಎಂದು ಕೇಳಿದರೆ ಶಿಕ್ಷಕರು ಹೆಸರು ಹೇಳಕೂಡದು. ‘ಎಲ್ಲಿ ಸಿಕ್ಕಿತು? ಅಲ್ಲಿ ಏನು ಮಾಡುತ್ತಿತ್ತು?’ ಎಂದು ಮರುಪ್ರಶ್ನೆ ಹಾಕಬೇಕು.

ಕಳೆದ ಹಂಗಾಮಿನಲ್ಲಿ ಊರಿನಿಂದ ತಮ್ಮ ಫೋನು ಮಾಡಿ, ಜಿಗಿಹುಳು ಬಿದ್ದಿದೆ, ಯಾವ ಎಣ್ಣೆ ಹೊಡೆಯಲಿ ಎಂದು ಕೇಳಿದ. ನಾನು, “ಬುಡ ಬಿಡಿಸಿ ನೋಡಿದೆಯೇನಪ್ಪ? ಜೇಡ ಎಷ್ಟಿವೆ?” ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ.

“ಎಣಿಸಿಲ್ಲಣ್ಣ,” ಎಂದ. “ಬೆಳಿಗ್ಗೆ ಹೋಗಿ ನೋಡ್ತೀನಿ.”