ಸುಮ್ಮನೆ ಕೂತಾಗ ಹೆಣೆದದ್ದೇ?

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಕಲಿಕಾ ಕೇಂದ್ರದ ಮಹಿಳೆಯರ ಮುಂದೆ ಆಡಿದ ಮಾತು)



ಇವತ್ತು ನಾವು ಕ್ರೋಶಾ ಕೆಲಸದ ಬಗ್ಗೆ ಮಾತಾಡೋಣ ಅಂತ ಬಂದಿದ್ದೀವಿ. ಒಂದು ಕೊಕ್ಕೆ ಕಡ್ಡಿ. ಒಂದು ಉಂಡೆ ದಾರ. ಎರಡು ಕೈ. ಇಷ್ಟಿದ್ದರೆ ಸಾಕು. ಕರೆಂಟು ಬೇಡ. ಯಂತ್ರ ಬೇಡ. ಬಸ್ಸಿಗೆ ಕಾಯುತ್ತಾ ಮಾಡಬಹುದು. ಹಿಟ್ಟಿನ ಗಿರಣಿಯಲ್ಲಿ ಪಾಳಿ ಕಾಯುತ್ತಾ ಮಾಡಬಹುದು. ಅನ್ನ ಬೇಯುವಷ್ಟರಲ್ಲಿ ಎರಡು ಸಾಲು ಮುಗಿಯುತ್ತದೆ. ಮಗು ಎದ್ದು ಅತ್ತರೆ ಹಾಗೇ ಕೆಳಗಿಟ್ಟು ಏಳಬಹುದು. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಕಡ್ಡಿ ಜಾರಿದರೆ ಇಡೀ ಸಾಲು ಹೋಯಿತು. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಇರುವುದು ಒಂದೇ ಕುಣಿಕೆ. ಬಿಚ್ಚಿದರೂ ಸ್ವಲ್ಪವೇ ಬಿಚ್ಚುತ್ತದೆ. ಅದಕ್ಕೇ ಕೆಲಸ ಹೆಚ್ಚಿರುವ ಹೆಂಗಸರಿಗೆ ಇದು ಹಿಡಿಸಿತು ಅಂತ ನಮಗೆ ಅನಿಸುತ್ತದೆ.

ನಾವು ಏನೇನು ಹೆಣೆಯುತ್ತೀವಿ? ಬಾಗಿಲಿಗೆ ತೋರಣ. ಆರತಿ ತಟ್ಟೆಗೆ ಮುಚ್ಚುವ ಬಟ್ಟೆ. ಸೆರಗಿಗೆ ಅಂಚು. ಕೂಸಿಗೆ ಕುಲಾವಿ. ಈಗಿನ ಹುಡುಗಿಯರು ಮೊಬೈಲಿಗೂ ಚೀಲ ಹೆಣೆಯುತ್ತಾರೆ. ಕೆಲವರು ಟಿ.ವಿ.ಗೆ, ಫ್ರಿಜ್ಜಿಗೆ, ಅದರ ಹಿಡಿಕೆಗೆ ಸಹ ಅಂಗಿ ಹಾಕುತ್ತಾರೆ. ಅದು ನಮಗೆ ಅಷ್ಟು ಇಷ್ಟ ಇಲ್ಲ. ದೂಳು ಕೂರುತ್ತದೆ. ಒಗೆಯುವುದು ಮತ್ತೆ ನಾವೇ.

ಹೆಣೆದದ್ದನ್ನು ಏನು ಮಾಡ್ತೀವಿ? ಹೆಚ್ಚಿನದನ್ನು ಕೊಟ್ಟು ಬಿಡ್ತೀವಿ. ಮದುವೆ ಮನೆಗೆ ಮುಯ್ಯಿ. ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ಒಂದು. ಕೊಡುವುದರಲ್ಲಿ ಸಂತೋಷ ಇದೆ. ಅದನ್ನು ಯಾರೂ ಬೇಡ ಅನ್ನಬಾರದು. ಆದರೆ ಇದರಲ್ಲಿ ಒಂದು ಮಾತು ಇದೆ. ಅದನ್ನು ಆಡಲೇಬೇಕು.

ನಮ್ಮ ಗುಂಪಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಹೆಸರು ಬೇಡ. ಸಂಬಂಧಿಕರ ಮದುವೆಗೆ ಅಂತ ಅವರು ಒಂದು ದೊಡ್ಡ ತೋರಣ ಹೆಣೆದರು. ಅದು ಅಡಿಕೆ ಕೊಯ್ಲಿನ ಕಾಲ. ಹಗಲು ಮನೆಗೆಲಸ, ಸಂಜೆ ಮೇಲೆ ಅಡಿಕೆ ಸುಲಿಯುವ ಕೆಲಸ. ಹಸಿ ಅಡಿಕೆ ಸುಲಿದ ಕೈ ಹೇಗಿರುತ್ತದೆ ನಿಮಗೆ ಗೊತ್ತು. ಬೆರಳೆಲ್ಲಾ ಕಪ್ಪು. ಎಷ್ಟು ತೊಳೆದರೂ ಹೋಗಲ್ಲ. ಆ ಕೈಯಲ್ಲಿ ಬಿಳಿ ದಾರ ಮುಟ್ಟುವ ಹಾಗಿಲ್ಲ. ಅದಕ್ಕೆ ಅವರು ಕಡು ಹಸಿರು, ಕೆಂಪು ಉಲ್ಲನ್ ಆರಿಸಿಕೊಂಡರು. ಎಲ್ಲರೂ ಮಲಗಿದ ಮೇಲೆ ಒಂದು ಗಂಟೆ, ಮುಕ್ಕಾಲು ಗಂಟೆ. ಹೀಗೆ ಒಂದೂವರೆ ತಿಂಗಳು ಹಿಡಿಯಿತು.

ಮದುವೆ ಮನೆಯಲ್ಲಿ ತೋರಣ ಎಲ್ಲರಿಗೂ ಹಿಡಿಸಿತು. ಒಬ್ಬ ಹಿರಿಯರು ಹತ್ತಿರ ಬಂದು, "ಎಷ್ಟು ಚೆನ್ನಾಗಿದೆ ಮಾರಾಯ್ತಿ! ಸುಮ್ಮನೆ ಕೂತಾಗ ಹೆಣೆದಿದ್ದಾ? ಹಂಗಾದ್ರೆ ನಮ್ಮನೆಗೂ ಎರಡು ಮಾಡಿಕೊಡೇ" ಅಂದರು. ಅಕ್ಕ ನಕ್ಕು ಸುಮ್ಮನಾದರು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮನ್ನು ಕೇಳಿದರು. "ಅಲ್ಲ, ನಾನು ಯಾವಾಗ ಸುಮ್ಮನೆ ಕೂತಿದ್ದೆ?"

ಆ ಪ್ರಶ್ನೆಯನ್ನೇ ನಾವು ಇಲ್ಲಿಗೆ ತಂದಿದ್ದೀವಿ.

ಹಾಗೆ ಹೇಳಿದವರು ಕೆಟ್ಟವರಲ್ಲ. ಹೆಂಗಸರು ಕೂತು ಮಾಡುವ ಕೆಲಸ ಕೆಲಸವೇ ಅಲ್ಲ ಅನ್ನುವ ರೂಢಿ ಹಾಗಿದೆ. ನಮ್ಮ ಊರಿನಲ್ಲೇ ನೋಡಿ. ಸೊರಬ, ಸಾಗರದ ಕಡೆ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಅಂತ ಅದರ ಹೆಸರು. ಗದ್ದೆಯಲ್ಲಿ ಭತ್ತ ಹಾಲು ತುಂಬುವ ಕಾಲ ಅದು. ಭೂಮಿತಾಯಿ ಬಸುರಿ ಅಂತ ಲೆಕ್ಕ. ಬಸುರಿಗೆ ಬಯಕೆ ಊಟ ಕೊಡಬೇಕಲ್ಲ? ಆ ಊಟ ಈ ಬುಟ್ಟಿಯಲ್ಲಿ ಹೋಗುತ್ತದೆ. ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರೇ ಕುಂಚ. ಒಂದು ಗೆರೆಗೂ ಇನ್ನೊಂದು ಗೆರೆಗೂ ನಡುವೆ ಕೂದಲೆಳೆ ಅಂತರ. ಕೈ ಅಲುಗಿದರೆ ಕೆಟ್ಟಿತು. ಇದನ್ನೂ ಹೆಂಗಸರು ಮಾಡುವುದು ಉಳಿದ ಕೆಲಸ ಮುಗಿಸಿಯೇ. ಹಬ್ಬದ ಹಿಂದಿನ ರಾತ್ರಿ ಇಡೀ ಅಡಿಗೆ. ಬೆಳಗಾಗುವ ಮೊದಲೇ ಬುಟ್ಟಿ ಗದ್ದೆಗೆ ಹೊರಡುತ್ತದೆ.

ಶಿಕಾರಿಪುರದ ಕಡೆ ಕೌದಿ ನೋಡಿ. ಹಳೆ ಸೀರೆ ಪದರ ಪದರ ಹಾಕಿ, ಸಾಲು ಸಾಲು ಹೊಲಿಗೆ. ತಾಂಡಾದ ಅಜ್ಜಿಯರ ಲಂಬಾಣಿ ಕಸೂತಿ ನೋಡಿ. ಕನ್ನಡಿ ಚೂರು, ಕವಡೆ, ಬಣ್ಣದ ದಾರ. ಇವೆಲ್ಲಾ ಪುರುಸೊತ್ತಿನಲ್ಲಿ ಆಗುವ ಕೆಲಸವಾ?

ಪುರುಸೊತ್ತು ನಮಗೆ ಎಷ್ಟಿದೆ? ಇದಕ್ಕೂ ಒಂದು ಲೆಕ್ಕ ಇದೆ. ಕೇಂದ್ರ ಸರ್ಕಾರದವರು 2024ರಲ್ಲಿ ದೇಶದ ಮನೆ ಮನೆಗೆ ಹೋಗಿ ಕೇಳಿದರು. ನೀವು ದಿನದ ಹೊತ್ತನ್ನು ಹೇಗೆ ಕಳೆಯುತ್ತೀರಿ ಅಂತ. ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. 289 ನಿಮಿಷ ಅಂದರೆ 4 ಗಂಟೆ 49 ನಿಮಿಷ. ಇನ್ನೊಂದು ವಿಷಯ. 88 ನಿಮಿಷ ಅನ್ನುವುದು ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಕೈ ಹಾಕದೇ ಇರುವವರು ಇದರಲ್ಲಿ ಸೇರಿಲ್ಲ!

ಈಗ ಸ್ವಲ್ಪ ದೂರ ಹೋಗೋಣ. ಆಂಧ್ರಪ್ರದೇಶದಲ್ಲಿ ಗೋದಾವರಿ ನದಿಯ ದಡದಲ್ಲಿ ನರಸಾಪುರ ಅಂತ ಒಂದು ಊರಿದೆ. ಅಲ್ಲಿನ ಹೆಂಗಸರು ತಲೆತಲಾಂತರದಿಂದ ಕ್ರೋಶಾ ಲೇಸು ಹೆಣೆಯುತ್ತಾರೆ. ಮಿಷನರಿಗಳು 19ನೇ ಶತಮಾನದಲ್ಲಿ ಕಲಿಸಿದ ಕೆಲಸ ಅದು. ಅಲ್ಲಿನ ಲೇಸು ಹಡಗು ಹತ್ತಿ ಯೂರೋಪು, ಅಮೆರಿಕಕ್ಕೆ ಹೋಯಿತು. 1970ರ ದಶಕದ ಕೊನೆಗೆ ಮರಿಯಾ ಮೀಸ್ ಅನ್ನುವ ಜರ್ಮನಿಯ ವಿದ್ವಾಂಸೆ ಆ ಊರುಗಳಿಗೆ ಬಂದರು. ಹೆಂಗಸರ ಜೊತೆ ಕೂತು ವಿಚಾರಿಸಿದರು. 1982ರಲ್ಲಿ ಪುಸ್ತಕ ಬರೆದರು.

ಅವರಿಗೆ ಕಂಡದ್ದು ಏನು? ಹೆಂಗಸರು ಮನೆಗೆಲಸದ ಜೊತೆಗೆ ದಿನಕ್ಕೆ ಆರರಿಂದ ಎಂಟು ಗಂಟೆ ಲೇಸು ಹೆಣೆಯುತ್ತಿದ್ದರು. ಸಿಗುತ್ತಿದ್ದ ದುಡ್ಡು ಹೊಲದ ಕೂಲಿಗಿಂತ ಕಡಿಮೆ. ಯಾಕೆ ಅಂತ ಕೇಳಿದರೆ ಅದೇ ಉತ್ತರ. ಇವರು ಮನೆಯಲ್ಲಿರುವ ಹೆಂಗಸರು. ಪುರುಸೊತ್ತಿನಲ್ಲಿ ಮಾಡುತ್ತಾರೆ. ಲೇಸು ಕೊಂಡು ಹೊರಗೆ ಕಳಿಸುವ ವ್ಯಾಪಾರಿಗಳು ಮಾತ್ರ ಸಾಹುಕಾರರಾದರು. ಕೇಳಿದಿರಾ? ನಮ್ಮ ಅಕ್ಕನಿಗೆ ಮದುವೆ ಮನೆಯಲ್ಲಿ ಹೇಳಿದ್ದೂ ಅದೇ ಮಾತು. ಅಲ್ಲಿ ಅದು ಪ್ರೀತಿಯ ಮಾತು. ಇಲ್ಲಿ ಅದು ಹೊಟ್ಟೆಗೆ ಹೊಡೆದ ಮಾತು.

ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರನ್ನು ಬೇರೆ ಊರಿನವರು ಹಾಕಿಕೊಂಡು ಮಾರುವ ಹಾಗಿಲ್ಲ. ಒಳ್ಳೆಯದೇ. ಹೆಣೆಯುವವಳ ಕೈಗೆ ಎಷ್ಟು ಸೇರುತ್ತದೆ ಅನ್ನುವುದು ಬೇರೆ ಲೆಕ್ಕ.

ಇನ್ನೊಂದು ಗಮನಿಸಿ. ಸ್ವೆಟರ್ ಹೆಣೆಯುವ ಯಂತ್ರ ಎಲ್ಲಾ ಕಡೆ ಇದೆ. ಕ್ರೋಶಾ ಹಾಗಲ್ಲ. ಯಂತ್ರದ ಲೇಸು ದೂರದಿಂದ ಕ್ರೋಶಾ ಹಾಗೇ ಕಾಣಬಹುದು. ಆದರೆ ಅಂಗಡಿಗೆ ಬರುವ ನಿಜವಾದ ಕ್ರೋಶಾ ಈಗಲೂ ಕೈಯಲ್ಲೇ ಹೆಣೆದದ್ದು. ಅದು ತೀರಾ ಅಗ್ಗಕ್ಕೆ ಸಿಕ್ಕಿತು ಅಂದರೆ ಎಲ್ಲೋ ಒಬ್ಬಳ ಹೊತ್ತು ಅಗ್ಗಕ್ಕೆ ಹೋಗಿದೆ ಅಂತ ಅರ್ಥ.

ಹಾಗಾದರೆ ನಾವು ಏನು ಮಾಡೋಣ? ಉಡುಗೊರೆ ಕೊಡುವುದನ್ನು ಬಿಡೋಣವಾ? ಬೇಡ. ಬರೆದಿಡೋಣ. ಈಗ ನಮಗೆ ಅಕ್ಷರ ಬಂದಿದೆ, ಅಂಕಿ ಬಂದಿದೆ. ಒಂದು ಸಣ್ಣ ನೋಟ್ ಪುಸ್ತಕ ಇಟ್ಟುಕೊಳ್ಳಿ. ಹೆಣೆಯಲು ಕೂತಾಗ ಗಡಿಯಾರ ನೋಡಿ ಬರೆಯಿರಿ. ಏಳುವಾಗ ಬರೆಯಿರಿ. ಕಾಲು ಗಂಟೆ ಆದರೂ ಬರೆಯಿರಿ. ಕೊನೆಗೆ ಕೂಡಿ. ಹೀಗೆ:

ಕೂಸಿನ ಕುಲಾವಿ – 1
ದಾರಕ್ಕೆ – 60 ರೂಪಾಯಿ
ಹಿಡಿದ ಹೊತ್ತು – 6 ಗಂಟೆ

ಇದು ಉದಾಹರಣೆ ಅಷ್ಟೆ. ನಿಮ್ಮ ಲೆಕ್ಕ ನಿಮ್ಮದು. ಈ 6 ಗಂಟೆಗೆ ಬೆಲೆ ಹೇಗೆ ಕಟ್ಟುವುದು? ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ 2025ರ ಏಪ್ರಿಲ್‌ನಿಂದ ದಿನಕ್ಕೆ 370 ರೂಪಾಯಿ ಅಂತ ಆಯಿತು. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ದಿನಕ್ಕೆ 8 ಗಂಟೆ ಅಂತ ಹಿಡಿದರೆ ಗಂಟೆಗೆ 46 ರೂಪಾಯಿ. 6 ಗಂಟೆಗೆ 276 ರೂಪಾಯಿ. ದಾರದ 60 ಸೇರಿಸಿ. 336 ರೂಪಾಯಿ. ನೋಡಿದಿರಾ? ಸಂತೆಯಲ್ಲಿ ಅರವತ್ತು ಎಪ್ಪತ್ತಕ್ಕೆ ಕೇಳುವ ಕುಲಾವಿಯ ನಿಜವಾದ ಬೆಲೆ ಇದು.

ಆ ಬೆಲೆಗೆ ಯಾರು ಕೊಳ್ಳುತ್ತಾರೆ ಅಂತ ನೀವು ಕೇಳಬಹುದು. ನಿಜ. ಎಲ್ಲರೂ ಕೊಳ್ಳಲ್ಲ. ಮಾರುವುದು ಬಿಡುವುದು ಆಮೇಲಿನ ಮಾತು. ಬೆಲೆ ಮೊದಲು ನಮಗೆ ಗೊತ್ತಿರಬೇಕು. ತಂಗಿಯ ಮಗುವಿಗೆ ಕುಲಾವಿ ಕೊಡುವಾಗ 336 ರೂಪಾಯಿಯ ಉಡುಗೊರೆ ಕೊಡ್ತಾ ಇದ್ದೀನಿ ಅಂತ ಗೊತ್ತಿದ್ದು ಕೊಡಿ. ಸಂತೋಷವಾಗಿ ಕೊಡಿ. ಅದೇ ದೂರದ ಪರಿಚಯದವರು "ನಮಗೂ ನಾಲ್ಕು ಮಾಡಿಕೊಡು" ಅಂದರೆ, ಪುಸ್ತಕ ತೆಗೆದು ತೋರಿಸಿ. ಜಗಳ ಬೇಡ. "ದಾರ ನೀವು ತಂದುಕೊಡಿ, ಹೊತ್ತಿನ ಲೆಕ್ಕ ಇಷ್ಟಾಗುತ್ತದೆ" ಅಂದರೆ ಸಾಕು. ಕೆಲವರಿಗೆ ಬೇಸರ ಆಗುತ್ತದೆ. ಆಗಲಿ.

ಆ ಅಕ್ಕನೂ ಪುಸ್ತಕ ಇಟ್ಟಿದ್ದಾರೆ. ಮನೆಯವರು ಮೊದಲು ನಕ್ಕರಂತೆ. ಒಂದು ತಿಂಗಳ ಲೆಕ್ಕ ಓದಿ ಹೇಳಿದ ಮೇಲೆ ನಗು ನಿಂತಿತು. ಈಗ ರಾತ್ರಿ ಪಾತ್ರೆ ತೊಳೆಯುವುದು ಮಗನ ಕೆಲಸ.

ಸರಿ, ಈಗ ಕೈಗೆ ಕೆಲಸ. ಕೂಸು ಹುಟ್ಟುವ ಮೊದಲೇ ಕುಲಾವಿ ಅಂತ ಗಾದೆ ಹೇಳಿ ನಗುತ್ತಾರೆ. ನಾವು ಮೊದಲೇ ಹೆಣೆದಿಡುವುದು ಒಳ್ಳೆಯದು. ಹುಟ್ಟಿದ ಮೇಲೆ ಪುರುಸೊತ್ತು ಎಲ್ಲಿ?

4 ಮಿಲಿಮೀಟರಿನ ಕಡ್ಡಿ ತಗೊಳ್ಳಿ. ಕಡ್ಡಿಯ ಮೇಲೆ ಅಂಕಿ ಇರುತ್ತದೆ, ಓದಿ ನೋಡಿ. ಮಧ್ಯಮ ದಪ್ಪದ ದಾರ ಇರಲಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಾಗಿ ಕುರಿಯ ಉಣ್ಣೆ ಅಲ್ಲ, ಕಾರ್ಖಾನೆಯ ಅಕ್ರಿಲಿಕ್ ನೂಲು. ಎಳೆ ಕೂಸಿನ ಚರ್ಮಕ್ಕೆ ಹತ್ತಿ ದಾರ ಮೆತ್ತಗೆ, ಬೆವರೂ ಹೀರುತ್ತದೆ.

4 ಸರಪಳಿ ಹಾಕಿ ಉಂಗುರ ಮಾಡಿ. ಉಂಗುರದ ಒಳಗೆ 12 ಉದ್ದ ಹೊಲಿಗೆ. ಎರಡನೇ ಸುತ್ತಿಗೆ 24. ಮೂರನೇ ಸುತ್ತಿಗೆ 36. ನಾಲ್ಕನೇ ಸುತ್ತಿಗೆ 48. ಹನ್ನೆರಡರ ಮಗ್ಗಿ ಬಂತಲ್ಲ! ನಮ್ಮ ಕೇಂದ್ರದ ಒಬ್ಬ ಅಜ್ಜಿ ಸುತ್ತಿಗೊಂದು ಹುಣಸೆ ಬೀಜ ಇಟ್ಟು ಎಣಿಸುತ್ತಿದ್ದರು. ಈಗ ಅಂಕಿ ಬರೆಯುತ್ತಾರೆ. ಬೀಜವನ್ನೂ ಇಡುತ್ತಾರೆ. ಅಭ್ಯಾಸ.

ಲೆಕ್ಕ ತಪ್ಪಿದರೆ ಕೆಲಸವೇ ಹೇಳುತ್ತದೆ. ಹೊಲಿಗೆ ಹೆಚ್ಚಾದರೆ ಅಂಚು ಅಲೆ ಅಲೆಯಾಗಿ ಏಳುತ್ತದೆ. ಕಡಿಮೆಯಾದರೆ ಬೇಗನೇ ಬಟ್ಟಲಿನ ಹಾಗೆ ಮಡಚಿಕೊಳ್ಳುತ್ತದೆ. 48 ಆದ ಮೇಲೆ ಹೆಚ್ಚಿಸಬೇಡಿ. ಪ್ರತಿ ಸುತ್ತಿಗೂ 48ರಂತೆ ಹೋಗಿ. ನೆತ್ತಿಯಿಂದ ಅಂಚಿನವರೆಗೆ ಸುಮಾರು 13 ಸೆಂಟಿಮೀಟರ್, ಅಂದರೆ 5 ಇಂಚು ಆದಾಗ ನಿಲ್ಲಿಸಿ. ಹೊಸದಾಗಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 36 ಸೆಂಟಿಮೀಟರ್ ಇರುತ್ತದೆ. ಟೇಪು ಹಿಡಿದು ನೋಡಿ. ಕೆಲವರ ಕೈ ಬಿಗಿ, ಕೆಲವರ ಕೈ ಸಡಿಲ. ಬಿಗಿ ಕೈಯವರು ಒಂದು ನಂಬರು ದೊಡ್ಡ ಕಡ್ಡಿ ಹಿಡಿಯಿರಿ.

ಒಂದು ಎಚ್ಚರಿಕೆ. ಕೂಸಿನ ಕುಲಾವಿಗೆ ಮಣಿ, ಗುಂಡಿ, ಮುತ್ತು ಹಾಕಬೇಡಿ. ಚೆಂದ ಕಾಣುತ್ತದೆ, ನಿಜ. ಕಿತ್ತು ಬಂದರೆ ಕೂಸು ಬಾಯಿಗೆ ಹಾಕಿಕೊಳ್ಳುತ್ತದೆ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಗೆ ಕಟ್ಟುವ ಉದ್ದ ದಾರವೂ ಬೇಡ. ಸ್ವೆಟರ್, ಕಾಲುಚೀಲ ಹೆಣೆದರೆ ದೊಡ್ಡ ತೂತು ಬಿಡಬೇಡಿ, ಬೆರಳು ಸಿಕ್ಕಿಕೊಳ್ಳುತ್ತದೆ.

ದಾರ, ಕಡ್ಡಿ ಇಲ್ಲಿ ಇಟ್ಟಿದ್ದೀವಿ. ಇಬ್ಬಿಬ್ಬರು ಕೂತುಕೊಳ್ಳಿ. ಒಬ್ಬರು ಹೆಣೆಯಲಿ, ಒಬ್ಬರು ಸುತ್ತು ಬರೆಯಲಿ. ಅಡಿಕೆ ಸುಲಿದು ಬಂದವರು ಈ ಕಡೆ ಬನ್ನಿ, ನಿಮಗೆ ಕಂದು ದಾರ ತೆಗೆದಿಟ್ಟಿದ್ದೀವಿ. ಈಗ ಗಡಿಯಾರದಲ್ಲಿ ಎಷ್ಟು ಗಂಟೆ? ಮೂರೂ ಕಾಲು. ಪುಸ್ತಕದಲ್ಲಿ ಬರೆದುಕೊಳ್ಳಿ.